ಸಪಾಟ ಕಾಲಿನವರ ಚರಗ

ನಾಲತವಾಡದ ನಮ್ಮ ಮನೆಯಲ್ಲಿ ಯಾರು ಯಾವಾಗ ಎಲ್ಲಿಗೆ ಹೋಗಿ ಬಂದರು ಎಂಬುದನ್ನು ಅವ್ವ ನೆಲ ನೋಡಿಯೇ ಹೇಳುತ್ತಿದ್ದಳು. ವಾರಕ್ಕೆರಡು ಸಲ ಪಡಸಾಲೆಯಿಂದ ಅಡಿಗೆಮನೆಯ ಹೊಸ್ತಿಲವರೆಗೆ ಸಗಣಿಯಿಂದ ಸಾರಿಸಿ, ಆರುವ ತನಕ ಯಾರೂ ದಾಟಬಾರದೆಂದು ಹೇಳಿ ಹಿತ್ತಲಿಗೆ ಹೋಗುವಳು. ಮರಳಿ ಬರುವಷ್ಟರಲ್ಲಿ ಮನೆಯ ಅರ್ಧ ಜನ ದಾಟಿರುತ್ತಿದ್ದರು. ಅಜ್ಜನ, ನಮ್ಮ ಮಾತಿನಲ್ಲಿ ಮುತ್ಯಾನ, ಹೆಜ್ಜೆಯಲ್ಲಿ ಹೆಬ್ಬೆರಳು ಉಳಿದೆಲ್ಲಕ್ಕಿಂತ ಆಳವಾಗಿ ಇಳಿದಿರುತ್ತಿತ್ತು. ನಡುವಿನ ಕಾಕಾನ ಮಗ ಈರ್ಯಾನದೆಂದರೆ ಹಿಮ್ಮಡಿಯ ಒಂದು ಗುಂಡು ಗುರುತು, ಬೆರಳಿನ ಐದು ಚುಕ್ಕೆ, ಅವೆರಡನ್ನು ಸೇರಿಸುವ ತೆಳ್ಳನೆಯ ಒಂದು ಗೆರೆ. ಅವನು ನೆಲ ಮುಟ್ಟಿಯೂ ಮುಟ್ಟದಂತೆ ಓಡುತ್ತಿದ್ದ. ನನ್ನ ಮತ್ತು ನನ್ನ ತಂಗಿ ನೀಲಾಳ ಹೆಜ್ಜೆಗಳು ಮಾತ್ರ ತಟ್ಟಿದ ರೊಟ್ಟಿಯ ಹಾಗೆ, ಅಂಚಿನಿಂದ ಅಂಚಿಗೆ ಇಡಿಯಾಗಿ ಮೂಡುತ್ತಿದ್ದವು. ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳುತ್ತಿದ್ದಳು:

"ಯಾರು ಬಂದಿದ್ದರು ಅಂತ ಕೇಳೂದ ಬ್ಯಾಡ. ಎರಡೂ ಆನಿ ಮರಿ ಬೆಲ್ಲದ ಡಬ್ಬಿ ತನಕ ಹೋಗಿ ಬಂದಾವ."

ನಾವಿಬ್ಬರೂ ದಪ್ಪ, ಇಬ್ಬರದೂ ಸಪಾಟ ಕಾಲು. ಇಷ್ಟು ಖಚಿತ. ಉಳಿದದ್ದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಮುಂದೆ ಅದನ್ನೇ ಕಲಿಸಿ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಮೊದಲು ಅನುಮಾನಿಸಬೇಕೆಂದು ಹುಡುಗರಿಗೆ ಹೇಳಿದವನು ನಾನು. ನನ್ನ ಮಾತಿಗೆ ಮಾತ್ರ ರಿಯಾಯಿತಿ ಕೊಡುವುದು ನ್ಯಾಯವಲ್ಲ. ಆದ್ದರಿಂದ ಈ ಅಧ್ಯಾಯ ಶುರು ಮಾಡುವ ಮೊದಲು ಸಿಂದಗಿಯಲ್ಲಿರುವ ನೀಲಾಳಿಗೆ ಫೋನು ಮಾಡಿದೆ. ಎಳ್ಳಮಾವಾಸ್ಯೆಯ ಚರಗದ ವಿಷಯ ಬರೆಯುತ್ತಿದ್ದೇನೆ ಎಂದೆ. ಆಕೆ ಅಂದಳು:

"ಬರಿ. ಆದ್ರ ನಾ ಹೇಳಿದ್ದನ್ನೂ ಬರಿ. ನೀ ಅರ್ಧ ನೋಡಿದ್ದು ಹೇಳ್ತಿ, ಅರ್ಧ ಕಟ್ಟಿ ಹೇಳ್ತಿ."

ಚರಗವೆಂದರೆ ನಮ್ಮ ಕಡೆ ಹೊಲಕ್ಕೆ ಉಣಿಸುವುದು. ಬಿಳಿಜೋಳ ಹೊಡೆ ಬಿಡುವ ಹೊತ್ತಿಗೆ, ಎಳ್ಳಮಾವಾಸ್ಯೆಯ ದಿನ, ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಪೂಜೆ ಮಾಡುತ್ತಿದ್ದೆವು. ಆಮೇಲೆ ಸಜ್ಜೆರೊಟ್ಟಿ, ಕಡಬು, ಪುಂಡಿಪಲ್ಯ ಎಲ್ಲವನ್ನೂ ಮುರಿದು ಕಲಸಿ ಬುಟ್ಟಿಗೆ ತುಂಬಿ, ಒಬ್ಬ ಹೊಲದ ಅಂಚು ಹಿಡಿದು ಸುತ್ತಲೂ ಎರಚುತ್ತ ನಡೆಯಬೇಕು. ಇನ್ನೊಬ್ಬ ತಂಬಿಗೆಯ ನೀರು ಚಿಮುಕಿಸುತ್ತ ಅವನ ಹಿಂದೆ. ಮುಂದಿನವನು 'ಹುಲ್ಲುಲ್ಲಿಗೋ' ಎಂದು ಕೂಗಿದರೆ ಹಿಂದಿನವನು 'ಚಳ್ಳಂಬ್ರಿಗೋ' ಎನ್ನಬೇಕು. ಬುಟ್ಟಿ ಹೊತ್ತವನು ಬರಿಗಾಲಲ್ಲಿರಬೇಕು, ಹಿಂದಿರುಗಿ ನೋಡಬಾರದು, ಸುತ್ತು ಮುಗಿಯುವ ತನಕ ಕೂಡಬಾರದು. ಈ ಕಟ್ಟುಗಳು ಇಡೀ ಸೀಮೆಗೆ ಸೇರಿದ್ದವೋ, ನಮ್ಮ ಮನೆಯವೇ ಆಗಿದ್ದವೋ, ಈಗ ಹೇಳಲಾರೆ. ನಮ್ಮ ಮನೆಯಲ್ಲಿ ಇದ್ದವು. ಅಷ್ಟು ವರ್ಷ ಬುಟ್ಟಿ ಹೊತ್ತವನು ಮುತ್ಯಾ. ನಾನು ಹೇಳುತ್ತಿರುವುದಕ್ಕಿಂತ ಹಿಂದಿನ ವರ್ಷ ಮೊಣಕಾಲು ಹಿಡಿದುಕೊಂಡು, ಹೇಗೋ ಸುತ್ತು ಮುಗಿಸಿ, ಗಿಡದ ಬುಡಕ್ಕೆ ಬಂದು ಕುಳಿತವನು ಇದೇ ಕಡೆಯದೆಂದು ಸಾರಿದ. ಇನ್ನು ಹಿರಿಯ ಮೊಮ್ಮಗನ ಸರದಿ. ಹಿರಿಯ ಮೊಮ್ಮಗ ನಾನು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಯಿಯ, ಅಂದರೆ ಅಜ್ಜಿಯ, ಜೊತೆ ಬಂಡಿಯಲ್ಲಿ, ಗಡಿಗೆಗಳ ನಡುವೆ ಕುಳಿತು ಬಂದು, ಕೈಯಲ್ಲಿ ಶೇಂಗಾ ಹೋಳಿಗೆ ಹಿಡಿದು ನಿಂತಿದ್ದೆ.

"ಹಿರೇ ಮೊಮ್ಮಗ ಮಲ್ಲು, ಖರೆ," ಎಂದ ಮುತ್ಯಾ. "ಆದ್ರ ಬಂಡಿ ಇಳಿದು ಈ ಗಿಡದ ತನಕ ಬರೂದರಾಗ ಇಂವ ಎರಡ ಸಲ ಕುಂತಾನ. ಚರಗ ಅರ್ಧಕ್ಕ ನಿಂತ್ರ ಹೊಲಕ್ಕ ಛಲೋ ಅಲ್ಲ. ಮುಂದಿನ ವರ್ಷ ಈರ್ಯಾ ಚೆಲ್ಲಲಿ."

ಮುತ್ಯಾನ ದನಿಯಲ್ಲಿ ಸಿಟ್ಟಿರಲಿಲ್ಲ. ಎತ್ತು ಕುಂಟಿದರೆ ಇನ್ನೊಂದನ್ನು ಕಟ್ಟಿರಿ ಎನ್ನುವಷ್ಟೇ ಸಹಜವಾಗಿ ಹೇಳಿದ. ಆ ಸಹಜತನವೇ ನನ್ನನ್ನು ಚುಚ್ಚಿತು. ಅವ್ವ ಸೆರಗು ಸರಿಮಾಡಿಕೊಂಡು ರೊಟ್ಟಿಯ ಗಂಟು ಬಿಚ್ಚಲು ಹೋದಳು. ನಾನು ಅಳಲಿಲ್ಲವೆಂದು ನನ್ನ ನೆನಪು. ಹೋಳಿಗೆ ಮುಗಿಯುವ ತನಕ ಅಳುತ್ತಲೇ ತಿಂದೆ ಎಂದು ನೀಲಾ ಹೇಳುತ್ತಾಳೆ. ಎರಡೂ ಬಾಯಿಯ ಕೆಲಸವಾದರೂ ಆಕೆ ಹೇಳುವುದು ಅಸಂಭವವೇನಲ್ಲ.

ಅಪ್ಪ ಇಂಡಿಯಲ್ಲಿ ನೌಕರಿಯಲ್ಲಿದ್ದ. ಶನಿವಾರ ಬಂದು ಸೋಮವಾರ ಹೋಗುವವನು. ಈ ಮಾತು ಅವನ ಕಿವಿಗೆ ಬಿದ್ದಮೇಲೆ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು, ಮುದ್ದೇಬಿಹಾಳ, ಬಸವನ ಬಾಗೇವಾಡಿ ದಾಟಿ ವಿಜಾಪುರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ನಮ್ಮ ಪಾದ ತಿರುವಿ ನೋಡಿ, ಇರಬೇಕಾದ ಕಮಾನು ಇಲ್ಲ, ಮೇಲಿನ ಭಾರ ಬೇರೆ ಹೆಚ್ಚು ಎಂದರು. ಒಳಗೆ ದಿಂಡಿಟ್ಟ ಚರ್ಮದ ಬೂಟು ಹೊಲಿಸಿರಿ, ತಿನ್ನುವುದು ಇಳಿಸಿರಿ, ದಿನಾಲು ನಡೆಸಿರಿ ಎಂದು ಮೂರು ಮಾತು ಹೇಳಿದರು. ಅಪ್ಪ ಮೂರನ್ನೂ ಒಂದಕ್ಷರ ಬಿಡದೆ ಮನೆಗೆ ತಲುಪಿಸಿ ಸೋಮವಾರ ಇಂಡಿಗೆ ಹೋದ. ಬೂಟು ಬಂದವು. ಉಳಿದ ಎರಡು ಮಾತು ಆಯಿಯ ಕೈಗೆ ಸಿಕ್ಕವು. ಆಯಿ ದಡ್ಡಿಯಲ್ಲ. ಹದಿನಾಲ್ಕು ಜನರ ಮನೆಯ ಅಡಿಗೆಯಲ್ಲಿ ಯಾರ ಹೊಟ್ಟೆಗೆ ಎಷ್ಟು ಎಂದು ನೋಡದೆ ಹೇಳಬಲ್ಲವಳು. ಆದರೆ ಅವಳ ಲೆಕ್ಕದಲ್ಲಿ ವಿಜಾಪುರದ ತನಕ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದವರು ಜಡ್ಡಿನವರು.

"ಜಡ್ಡಾದ ಕೂಸುಗಳಿಗಿ ಕಟಕ ರೊಟ್ಟಿ, ಖಾರಬ್ಯಾಳಿ ಕೊಡಾಕ ನನಗೇನ ತಲಿ ಕೆಟ್ಟೈತೇನು?"

ಜೋಳದ ಸೀಮೆಯಲ್ಲಿ ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ, ಇಲ್ಲವೆ ಜ್ವರದವರಿಗೆ. ಆ ದಿನದಿಂದ ನಮ್ಮಿಬ್ಬರ ಗಂಗಾಳದಿಂದ ರೊಟ್ಟಿ ಮಾಯವಾಗಿ ಮೆತ್ತಗಿನ ಅನ್ನ, ಮೇಲೊಂದಿಷ್ಟು ಹಾಲು, ತುಪ್ಪ ಬಂದವು. ಬೆಳಿಗ್ಗೆ ಬಾಯಿ ಕಹಿಯಾಗಬಾರದೆಂದು ಶಿರಾ. ಹೊತ್ತು ಮುಳುಗುವ ಮುಂಚೆ ಬಿಸ್ಕೀಟು. ಜಡ್ಡಿನವರು ಓಡಾಡಬಾರದೆಂದು ಸಾಲಿ ಬಿಟ್ಟ ಕೂಡಲೇ ಪಡಸಾಲೆಯ ಕಂಬಳಿಯ ಮೇಲೆ ಮಲಗಿಸುವಳು. ನಾವಿಬ್ಬರೂ ಆ ಜಡ್ಡನ್ನು ತುಂಬ ಸಂತೋಷದಿಂದ ಅನುಭವಿಸಿದೆವು. ಯುಗಾದಿಯ ಹೊತ್ತಿಗೆ ಹೊಸ ಬೂಟು ಬಿಗಿಯಾದವು. ಆಯಿ ಅದನ್ನು ನೋಡಿ, ಔಷಧ ಹತ್ತಾಕತ್ತೈತಿ ಎಂದಳು.

ಇದನ್ನು ನಿಲ್ಲಿಸಿದವನು ಶಿವಪ್ಪ ಕಾಕಾ, ಅಪ್ಪನ ಕಿರಿಯ ತಮ್ಮ. ಆ ಬೇಸಿಗೆಯಲ್ಲಿ ಅವನು ಪೊಲೀಸ್ ಭರ್ತಿಗೆ ವಿಜಾಪುರಕ್ಕೆ ಹೋಗಿದ್ದ. ಹೋಗುವ ಮೊದಲೇ ಕನ್ನಡಿಯ ಮುಂದೆ ನಿಂತು ಸಲಾಮು ಹೊಡೆದು ಅಭ್ಯಾಸ ಮಾಡಿದವನು, ಮಟಮಟ ಮಧ್ಯಾಹ್ನ ಬಂದು ಬಾಗಿಲ ಹಂಡೆಯ ನೀರಿನಿಂದ ಕಾಲು ಕೂಡ ತೊಳೆಯದೆ ಅಟ್ಟ ಹತ್ತಿದ. ಎರಡು ದಿನ ಊಟಕ್ಕಷ್ಟೇ ಇಳಿದ. ಮೂರನೆಯ ದಿನ ಅವ್ವ ಕೇಳಿದಾಗ ಹೇಳಿದ:

"ಎಲ್ಲಾದರಾಗೂ ಪಾಸ್ ಆದ್ನಿ ವೈನಿ. ಎತ್ತರ, ಎದಿ, ಓಟ. ಓಟದಾಗ ಎರಡನೇದವ ನಾ. ಕಡೀಕ ಹಸೀ ಕಾಲಲೇ ಫರಸಿ ಮ್ಯಾಲ ನಿಲ್ಲು ಅಂದ್ರು. ನಿಂತೆ. ಸಪಾಟ ಕಾಲು, ನಡಿ ಅಂದ್ರು."

ಓಡಿ ಗೆದ್ದ ಕಾಲನ್ನು ನಿಂತ ಗುರುತು ನೋಡಿ ಹೊರಗೆ ಹಾಕಿದ್ದರ ತರ್ಕ ನನಗೆ ಇಂದಿಗೂ ಹಿಡಿದಿಲ್ಲ. ಆಗ ಮಾತ್ರ ಕಾಕಾನ ಕಾಲೂ ನಮ್ಮಂಥದ್ದೇ ಎಂದು ಕೇಳಿ ಖುಷಿಯಾಗಿತ್ತು. ಅವನನ್ನು ಹೊರಗೆ ಹಾಕಿದ ಹವಾಲ್ದಾರ, ಪಾಪ ಎನಿಸಿ ಒಂದು ಮಾತು ಹೇಳಿದ್ದನಂತೆ: ಸಣ್ಣವನಿದ್ದಾಗ ಯಾರಾದರೂ ಪಾದಕ್ಕೆ ಕಸರತ್ತು ಮಾಡಿಸಿದ್ದರೆ ನಡೆಯುತ್ತಿತ್ತು. ಕಾಕಾ ಅಲ್ಲಿಯೇ ನಿಂತು ಎಂಥ ಕಸರತ್ತು ಎಂದು ಕೇಳಿಕೊಂಡು ಬಂದಿದ್ದ. ಮರುದಿನ ನಾನು ಬಚ್ಚಲಿನಿಂದ ಬರುವಾಗ ಅಂಗಳದ ಫರಸಿಯ ಮೇಲೆ ಮೂಡಿದ ನನ್ನ ಹೆಜ್ಜೆಯನ್ನು ಅವನು ಬಹಳ ಹೊತ್ತು ನೋಡಿದ.

"ಲೇ ಮಲ್ಲು, ನಿನಗ ಏನ ಬೇಕು?"

"ಚರಗ ಚೆಲ್ಲಬೇಕು."

"ಬರಿಗಾಲಲೇ?"

"ಹೂಂ, ಬರಿಗಾಲಲೇ."

"ಹಂಗಾರ ಬೂಟ ಕಳಚು."

ನೀಲಾ ಅಲ್ಲೇ ಇದ್ದಳು. ತನ್ನ ಬೂಟನ್ನೂ ಕಳಚಿದಳು. ನಿನಗೇನು ಬೇಕು ಎಂದು ಕಾಕಾ ಕೇಳಿದ್ದಕ್ಕೆ, "ಏನೂ ಬ್ಯಾಡ. ಇಂವ ಮಾಡಿದ್ದೆಲ್ಲಾ ನಾನೂ ಮಾಡ್ತೇನಿ," ಎಂದಳು. ಆದರೆ ಅವಳಿಗೂ ಬೇಕಾದದ್ದಿತ್ತು. ಅಗಲ ಕಾಲಿನ ಹೆಣ್ಣು ಹೊಕ್ಕ ಮನೆಗೆ ಒಳ್ಳೆಯದಲ್ಲವೆಂದು ಈರ್ಯಾನ ತಾಯಿ, ನಡುವಿನ ಚಿಗವ್ವ, ಒಂದು ಸಲ ಅಂದಿದ್ದಳು. ಆವತ್ತಿನಿಂದ ನೀಲಾ ಬೀಗರು ಬಂದಾಗ ಲಂಗದೊಳಗೆ ಕಾಲು ಮುಚ್ಚಿಕೊಂಡು ಕೂಡುತ್ತಿದ್ದಳು. ಇದನ್ನು ನಾನು ಆಗ ಗಮನಿಸಿರಲಿಲ್ಲ. ಆಕೆ ಮೊನ್ನೆ ಹೇಳಿದ್ದು.

ಕಸರತ್ತಿನ ಜಾಗ ದನದ ಕೊಟ್ಟಿಗೆಯ ಮುಂದಿನ ಖಾಲಿ ಜಾಗ. ಸೂರ್ಯ ಹುಟ್ಟುವ ಹೊತ್ತಿಗೆ ಎಮ್ಮೆ ಹಿಂಡುತ್ತ ಅವ್ವ ಒಂದು ಕಡೆ, ನಾವು ಒಂದು ಕಡೆ. ಗೋಡೆಯಿಂದ ಗೋಡೆಗೆ ತುದಿಗಾಲಲ್ಲಿ ನಡೆಯುವುದು, ಮರಳಿ ಬರುವಾಗ ಹಿಮ್ಮಡಿಯ ಮೇಲೆ, ಇನ್ನೊಮ್ಮೆ ಪಾದದ ಹೊರ ಅಂಚಿನ ಮೇಲೆ. ನೆಲಕ್ಕೆ ಚೆಲ್ಲಿದ ಹುಣಸೆಬೀಜಗಳನ್ನು ಕಾಲ್ಬೆರಳಿನಿಂದ ಹಿಡಿದೆತ್ತಿ ಬಟ್ಟಲಿಗೆ ಹಾಕುವುದು. ಅರಿವೆಯನ್ನು ಹಾಸಿ, ಕೈ ಹಚ್ಚದೆ ಬೆರಳಿನಿಂದಲೇ ಮುದುರಿ ಹತ್ತಿರ ಎಳೆದುಕೊಳ್ಳುವುದು. ಒಂದೇ ಕಾಲಿನ ಮೇಲೆ ನಿಂತು, ಕಾಕಾ ಹಾಡುವ ಒಂದು ಪದ ಮುಗಿಯುವ ತನಕ ಬೀಳದಿರುವುದು. ಅವನು ಬೇಕೆಂದೇ ಪದವನ್ನು ಎಳೆಯುತ್ತಿದ್ದ. ಯಾವುದನ್ನು ಪ್ರಶ್ನಿಸಿದರೂ ಉತ್ತರ ಒಂದೇ: "ಹವಾಲ್ದಾರ ಹೇಳ್ಯಾನ." ಭರ್ತಿಯ ಮೈದಾನದಲ್ಲಿ, ಸರದಿಯಲ್ಲಿ ನೂರು ಜನ ನಿಂತಿರುವಾಗ, ಒಬ್ಬ ಹವಾಲ್ದಾರ ಇಷ್ಟೆಲ್ಲ ಹೇಳಲು ಸಾಧ್ಯವೇ? ಅರ್ಧಕ್ಕಿಂತ ಹೆಚ್ಚು ಕಾಕಾನೇ ಹುಟ್ಟಿಸಿದ್ದು ಎಂದು ಈಗ ಅನುಮಾನ. ಮೊದಲ ವಾರ ಹುಣಸೆಬೀಜ ಒಂದೂ ಏಳಲಿಲ್ಲ. ಈರ್ಯಾ ದನಕ್ಕೆ ಮೇವು ಹಾಕುವ ಗ್ವಾದಲಿಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತ ನೋಡುವನು.

"ಕಾಕಾ, ಆನಿಗಿ ಸೊಂಡಿ ಇರ್ತದ. ಇವಕ್ಕ ಕಾಲಲೇ ಯಾಕ ಎತ್ತಸ್ತಿ?"

ಎರಡನೆಯ ವಾರ ಕಾಕಾ ಅಡಿಗೆಮನೆಯ ಲಟ್ಟಣಗಿ ತಂದು, ಅಂಗಾಲಿನ ಕೆಳಗಿಟ್ಟು ಹಿಂದೆ ಮುಂದೆ ಉರುಳಿಸಿರಿ ಎಂದ. ಆಯಿ ನೋಡಿಬಿಟ್ಟಳು. ಅಂಥ ಜಗಳ ನಮ್ಮ ಮನೆಯಲ್ಲಿ ಮತ್ತೆ ಆದದ್ದು ಕಡಿಮೆ.

"ಹೋಳಿಗಿ ಲಟ್ಟಸೂ ಸಾಮಾನ ಕಾಲಾಗ ಹಾಕಿದೇನೋ ಶಿವ್ಯಾ? ಮ್ಯಾಲ ಜಡ್ಡಿನ ಹುಡುಗರನ್ನ ನಸುಕಿನ್ಯಾಗ ಎಬ್ಬಸಿ ಕುಣಸಾಕತ್ತಿ. ಕರುಳ ಐತೋ ಇಲ್ಲೋ?"

"ಯವ್ವಾ, ಅವಕ್ಕ ಜಡ್ಡಿಲ್ಲ. ನೀ ಉಣಿಸಿ ಉಣಿಸಿ ಜಡ್ಡ ಮಾಡಾಕತ್ತಿ."

"ನಾ ಉಣಸಬಾರದಿತ್ತು ನಿನಗ. ಹೊತ್ತಿಗಿ ಸರಿ ಉಂಡು ನನಗ ಎದರಾಡ್ತಿ."

ಲಟ್ಟಣಗಿಯನ್ನು ಬೂದಿ ಹಾಕಿ ಮೂರು ಸಲ ತೊಳೆದು, ಆಮೇಲೂ ಸಮಾಧಾನವಾಗದೆ ಒಲೆಗೆ ಹಾಕಿದಳು. ಒಂದು ವಾರ ಕಸರತ್ತು ನಿಂತಿತು. ಕಂಬಳಿ, ಶಿರಾ, ಬಿಸ್ಕೀಟು ಮತ್ತೆ ಶುರು. ನಾನು ಆ ವಾರ ದುಃಖದಲ್ಲಿದ್ದೆ ಎಂದು ಬರೆದರೆ ಅಂದವಾಗಿರುತ್ತದೆ. ಶಿರಾ ಚೆನ್ನಾಗಿತ್ತು.

ದಾರಿ ತೆರೆದದ್ದು ಮಾಳಿಗೆ. ನಮ್ಮದು ಮಣ್ಣಿನ ಮೇಲ್ಮುದ್ದೆಯ ಮನೆ. ಮಳೆಗಾಲ ಶುರುವಾಗುವ ಮೊದಲು ಪ್ರತಿ ವರ್ಷ ಸವಳು ಮಣ್ಣು ತಂದು, ಹೊಟ್ಟು ಬೆರೆಸಿ, ನೀರು ಹಾಕಿ, ಹದ ಬರುವ ತನಕ ತುಳಿದು ಮಾಳಿಗೆಗೆ ಹೊದಿಸಬೇಕು. ತುಳಿಯುವವರು ಆ ವರ್ಷ ಕಡಿಮೆ ಬಿದ್ದರು. ಕಾಕಾ ಏನೂ ಹೇಳದೆ ನಮ್ಮಿಬ್ಬರನ್ನು ಅಂಗಳದ ಕೆಸರಿನೊಳಗೆ ಇಳಿಸಿದ. ಮೊಣಕಾಲಿನ ತನಕ ಜಿಗುಟು ಮಣ್ಣು. ಎತ್ತಿದ ಕಾಲನ್ನು ಅದು ಬಿಡುತ್ತಿರಲಿಲ್ಲ. ಬೆರಳು ಮಡಚಿ, ಪಾದ ಬಾಗಿಸಿ ಎಳೆದರಷ್ಟೇ ಪಚಕ್ ಎಂದು ಬರುತ್ತಿತ್ತು. ಒಂದು ಸುತ್ತು ತುಳಿದು ನಾವಿಬ್ಬರೂ ಬೆವರಿನಲ್ಲಿ ತೊಯ್ದು ನಿಂತಾಗ ಆಯಿ ಹೊರಗೆ ಬಂದಳು. ಜಗಳ ಏಳುತ್ತದೆಂದು ಕಾಕಾ ತಲೆ ಬಗ್ಗಿಸಿದ. ಆಯಿ ನಮ್ಮ ಕಾಲು ನೋಡಿದಳು, ಮಣ್ಣನ್ನು ಹಿಡಿದು ಹದ ನೋಡಿದಳು, ಒಳಗೆ ಮುಖ ಮಾಡಿ ಅವ್ವನನ್ನು ಕೂಗಿದಳು:

"ಏ, ಹುಡುಗರು ಮಣ್ಣ ತುಳಿಯಾಕತ್ತಾವ. ರೊಟ್ಟಿ ಬಡಿ. ಅನ್ನ ತಿಂದ್ರ ಕಸುವು ಎಲ್ಲಿಂದ ಬರ್ತದ?"

ಕಾಕಾ ತಲೆ ಎತ್ತಿದ. ಆ ಕ್ಷಣ ಅವನಿಗೆ ಹೊಳೆದದ್ದು ನಮ್ಮ ಮನೆಯ ಬೀಗದ ಕೈ. ಔಷಧವೆಂದು ಮಾಡಿಸಿದ್ದಕ್ಕೆಲ್ಲ ಆಯಿ ಅಡ್ಡ ಬರುತ್ತಾಳೆ. ಕೆಲಸವೆಂದು ಮಾಡಿಸಿದರೆ ರೊಟ್ಟಿ ಕೊಟ್ಟು ಕಳಿಸುತ್ತಾಳೆ. ಜಡ್ಡಿನವರಿಗೆ ಅನ್ನ, ದುಡಿಯುವವರಿಗೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಅದರ ಮೇಲೆ ಶಿರಾ ಕೇಳಿದರೆ, ಹಬ್ಬ ಐತೇನು ಎಂದು ಬೈಗುಳ. ಅಂದಿನಿಂದ ನಮ್ಮ ಕಸರತ್ತಿಗೆಲ್ಲ ಕೆಲಸದ ಅಂಗಿ ತೊಡಿಸಿದ. ತುದಿಗಾಲಲ್ಲಿ ನಡೆಯುವುದೆಂದರೆ ಎತ್ತರದ ಗೂಡಿನಿಂದ ಸಾಮಾನು ಇಳಿಸಿ ಏರಿಸುವುದು. ಬೀಜ ಎತ್ತುವುದೆಂದರೆ ಅಂಗಳದಲ್ಲಿ ಚೆಲ್ಲಿದ ಶೇಂಗಾ ಆರಿಸುವುದು, ಕೈಯಲ್ಲಿ ಬುಟ್ಟಿ ಇದ್ದುದರಿಂದ ಕಾಲಿನಿಂದಲೇ. ಒನಕೆಯಿಂದ ಕುಟ್ಟುವಾಗ ಪ್ರತಿ ಏಟಿಗೆ ಹಿಮ್ಮಡಿ ಏಳಬೇಕು, ಹವಾಲ್ದಾರ ಹೇಳ್ಯಾನ. ಬಾವಿಯ ಮೆಟ್ಟಿಲು ಹತ್ತಿ ಇಳಿದು ನೀರು. ಶ್ರಾವಣ ಬರುವಷ್ಟರಲ್ಲಿ ನನ್ನ ಚಡ್ಡಿ ಸೊಂಟದಲ್ಲಿ ನಿಲ್ಲದಾಯಿತು. ನೀಲಾ ಹುಣಸೆಬೀಜವನ್ನು ಬೆರಳಿನಲ್ಲಿ ಹಿಡಿದು ಎಸೆದು ಈರ್ಯಾನ ಕಿವಿಗೆ ಹೊಡೆಯಬಲ್ಲವಳಾದಳು.

ಪಾದದಲ್ಲಿ ಕಮಾನು ಮೂಡಿತೇ? ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಮಕ್ಕಳು ಬೆಳೆಯುತ್ತ ಎಷ್ಟೋ ಸಲ ಪಾದ ತಾನೇ ತಿದ್ದಿಕೊಳ್ಳುತ್ತದೆ, ಕೆಲವರಲ್ಲಿ ಏನು ಮಾಡಿದರೂ ಇಲ್ಲ, ಎಷ್ಟೋ ಜನರಿಗೆ ಅದರಿಂದ ತೊಂದರೆಯೂ ಇಲ್ಲ ಎಂದು ಮುಂದೆ ಓದಿದೆ. ನಮ್ಮಿಬ್ಬರದೂ ಇಂದಿಗೂ ಸಪಾಟವೇ. ಬದಲಾದದ್ದು ಕಾಲು ನನ್ನ ಮಾತು ಕೇಳುವುದು. ಮೊದಲು ಅದು ನನ್ನ ಕೆಳಗೆ ಬಿದ್ದಿದ್ದ ಎರಡು ಹಲಗೆಯಾಗಿತ್ತು. ಆದರೂ ದಸರೆಯ ಮಾರನೆಯ ದಿನ ಕಾಕಾ ನಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಯಾರಿಗೂ ಹೇಳದೆ ಒಂದು ಸುತ್ತು ಹಾಕಿಸಿದಾಗ ನಾನು ಸೋತೆ. ಮೂರನೆಯ ಅಂಚು ಹಳ್ಳದ ಗುಂಟ ಹೋಗುತ್ತದೆ. ಅಲ್ಲಿ ಎರೆಮಣ್ಣು ಮುಗಿದು ಗರಸು ಶುರುವಾಗುತ್ತದೆ. ಹರಳುಗಳು ಬರಿಗಾಲಿಗೆ ಚುಚ್ಚಿ, ಪಾದದ ಒಳಬದಿಯ ನೋವು ಮೊಣಕಾಲಿಗೆ ಏರಿ, ನಾನು ಕುಳಿತುಬಿಟ್ಟೆ. ಕಾಕಾ ಬೈಯುತ್ತಾನೆಂದುಕೊಂಡೆ. ಅವನು ನನ್ನ ಪಕ್ಕ ಕುಳಿತ. ತನ್ನ ಚಪ್ಪಲಿ ಬಿಚ್ಚಿ ಕಾಲನ್ನು ನನ್ನ ಕಾಲಿನ ಪಕ್ಕದಲ್ಲಿಟ್ಟ.

"ನೋಡಪಾ, ನನ್ನದೂ ಇದ ಕಾಲು. ಇದರ ಮ್ಯಾಲ ನಾ ಎರಡನೇದವ ಬಂದೆ. ಆದ್ರ ನಡಿ ಅಂದಾಗ ನಡಕೊಂಡ ಬಂದೆ. ನಾ ಓಡಿದ್ದು ಕಾಣಸೂದಿಲ್ಲೇನ್ರಿ ಅಂತ ಕೇಳಲಿಲ್ಲ. ನೀ ಕೇಳಬೇಕು."

ಹಾಗೆಯೇ ಅಂದನೇ? ಮಾತು ಸ್ವಲ್ಪ ಹೆಚ್ಚು ಹೊಂದಿಕೊಂಡಂತಿದೆ, ನಾನು ತಿದ್ದಿರಬಹುದು. ಕಾಲು ಪಕ್ಕಕ್ಕಿಟ್ಟದ್ದು ಮಾತ್ರ ನಿಜ. ಅದಾದ ಮೇಲೆ ವಾರಕ್ಕೆ ಮೂರು ದಿನ ಹಳ್ಳದ ಗರಸಿನ ಮೇಲೆಯೇ ನಡೆಸಿದ. ಮೊದಲು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು, ಆಮೇಲೆ ಕೈಯಲ್ಲಿ ಮಣ್ಣು ತುಂಬಿದ ಬುಟ್ಟಿ.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಉಳಿದಾಗ, ಮುತ್ಯಾ ಊಟಕ್ಕೆ ಕುಳಿತಿದ್ದ. ಅವನ ಮುಂದೆ ಎಂದೂ ಬಾಯಿ ತೆರೆಯದ ಅವ್ವ ರೊಟ್ಟಿ ನೀಡುತ್ತ ಬಾಗಿಲ ಮರೆಯಲ್ಲಿ ನಿಂತಳು.

"ಮಾವಾರ, ಚರಗ ಮಲ್ಲು ಚೆಲ್ಲತೇನಿ ಅನ್ನಾಕತ್ತಾನರಿ."

ಮುತ್ಯಾ ತುತ್ತು ನುಂಗಿ, ಮಜ್ಜಿಗೆ ಕುಡಿದು ಹೇಳಿದ:

"ಚೆಲ್ಲಲಿ. ಈರ್ಯಾ ನೀರ ಹಿಡಕೊಂಡು ಹಿಂದ ಹೋಗಲಿ. ಇಂವ ಕುಂತ್ರ ಬುಟ್ಟಿ ಈರ್ಯಾನ ಕೈಗಿ. ಮತ್ತ ನನ್ನ ಮುಂದ ಆ ಮಾತ ತಗೀಬಾರದು."

ಆ ದಿನ ನಾನು ಬಂಡಿ ಹತ್ತಲಿಲ್ಲ. ಬನ್ನಿಗಿಡದ ಕೆಳಗೆ ಪೂಜೆಯಾದ ಮೇಲೆ ಮುತ್ಯಾ ಬುಟ್ಟಿಯನ್ನು ನನ್ನ ಎಡಸೊಂಟಕ್ಕೆ ಆನಿಸಿ ಕೊಟ್ಟ. ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಕಾಕಾನ ಮಣ್ಣಿನ ಬುಟ್ಟಿಗಿಂತ ಹೆಚ್ಚು. ಮೊದಲ ಅಂಚು ಬದುವಿನ ಮೇಲೆ, ಹುಲ್ಲು ಮೆತ್ತಗೆ. ನಾನು 'ಹುಲ್ಲುಲ್ಲಿಗೋ' ಎಂದೆ, ಈರ್ಯಾ 'ಚಳ್ಳಂಬ್ರಿಗೋ' ಎಂದ. ಎರಡನೆಯ ಅಂಚಿನಲ್ಲಿ ಎರೆಹೊಲ ಬಿರಿದು ಹೆಂಟೆಗಳು ಎದ್ದಿದ್ದವು. ಬೆರಳುಗಳನ್ನು ಮಡಚಿ ಹೆಂಟೆಯ ತುದಿ ಹಿಡಿದು ನಡೆಯುವುದು ಕೆಸರು ಕಲಿಸಿದ ಕೆಲಸ. ಅದೂ ದಾಟಿತು. ಹಳ್ಳದ ಗರಸು ಶುರುವಾದ ಕೂಡಲೆ ಹಿಂದಿನಿಂದ ಈರ್ಯಾ ಸಣ್ಣ ದನಿಯಲ್ಲಿ ಶುರು ಮಾಡಿದ.

"ಡುಮ್ಯಾ, ಕುಂದ್ರು. ಯಾರೂ ನೋಡಾಕತ್ತಿಲ್ಲ. ಬುಟ್ಟಿ ಕೊಟ್ಟ ಬಿಡು, ನೀನ ಚೆಲ್ಲಿದಿ ಅಂತ ಹೇಳ್ತೇನಿ."

ನಾನು ಕೂಗಿದೆ. ಅವನು ಉತ್ತರ ಕೂಗಿ ಮತ್ತೆ ಅಂದ:

"ಕಾಲ ನೋ‌ಡಕೋ, ರಕ್ತ ಬರಾಕತ್ತೈತಿ."

ಅವನು ನನ್ನ ಕಾಲನ್ನೇ ನೋಡುತ್ತ ಬಂದದ್ದರಿಂದ ಇರಬೇಕು, ತನ್ನ ಕಾಲಿನ ಮುಂದಿನ ಜಾಲಿಮುಳ್ಳು ನೋಡಲಿಲ್ಲ. ಯವ್ವಾ ಎಂಬ ಶಬ್ದ ಕೇಳಿತು, ಅವನು ಕುಳಿತದ್ದೂ ಕೇಳಿತು. ಹಿಂದಿರುಗಿ ನೋಡುವಂತಿಲ್ಲ. ನಾನು 'ಹುಲ್ಲುಲ್ಲಿಗೋ' ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಎಂದೆ. ಜೋಳದ ದಂಟು ಸರಸರ ಎಂದದ್ದಷ್ಟೇ. ನೀರಿಲ್ಲದೆ ಚರಗ ಆಗುವುದಿಲ್ಲ. ಸೊಂಟದ ಬುಟ್ಟಿ ಜಾರುತ್ತಿತ್ತು, ಪಾದದ ಒಳಬದಿ ಸುಡುತ್ತಿತ್ತು, ಕುಳಿತರೆ ಅಲ್ಲಿಗೆ ಮುಗಿಯಿತು, ತಪ್ಪು ಈರ್ಯಾನದೆಂದು ಎಲ್ಲರೂ ಒಪ್ಪುತ್ತಿದ್ದರು. ಆಗ ಹಿಂದಿನಿಂದ, ಎಲ್ಲ ಹೊಲಗಳಿಗೂ ಕೇಳುವಷ್ಟು ಗಟ್ಟಿಯಾಗಿ, ಹುಡುಗಿಯ ದನಿ ಬಂತು:

"ಚಳ್ಳಂಬ್ರಿಗೋ."

ನೀಲಾ ಮೊದಲಿನಿಂದಲೂ ಜೋಳದ ಸಾಲಿನೊಳಗೆ ನಮ್ಮ ಜೊತೆಗೇ ಬರುತ್ತಿದ್ದಳು. ಈರ್ಯಾನ ಕೈಯಿಂದ ತಂಬಿಗೆ ಕಸಿದುಕೊಂಡಿದ್ದಳು. ಕಸಿಯಲಿಲ್ಲ, ಅವನೇ ಕೊಟ್ಟ ಎಂದು ಈಗ ಆಕೆ ಹೇಳುತ್ತಾಳೆ. ನಮ್ಮಿಬ್ಬರ ದೊಡ್ಡ ತಕರಾರು ಇದಲ್ಲ. ನಾನು ಆ ಅಂಚಿನಲ್ಲಿ ನಿಲ್ಲಲೇ ಇಲ್ಲ ಎಂಬುದು ನನ್ನ ನೆನಪು, ನಲವತ್ತು ವರ್ಷಗಳಿಂದ ಗೆಳೆಯರಿಗೆ, ಮಕ್ಕಳಿಗೆ ಹೇಳಿಕೊಂಡು ಬಂದದ್ದು. ನೀಲಾ ಹೇಳುವುದು ಬೇರೆ:

"ನಿಂತಿದ್ದಿ. ಕಂಬದಂಗ ನಿಂತಿದ್ದಿ. ನಾ ತಂಬಿಗಿಲೇ ಬೆನ್ನಿಗಿ ನೂಕಿದ ಮ್ಯಾಲ ನಡದಿ."

ಮೂರು ವರ್ಷದ ಹಿಂದೆ ಆ ಹೊಲಕ್ಕೆ ಹೋಗಿ, ನಾಲ್ಕೂ ಅಂಚುಗಳನ್ನು ಹೆಜ್ಜೆ ಎಣಿಸುತ್ತ ನಡೆದೆ. ನಾನು ಹೇಳಿಕೊಂಡು ಬಂದಿದ್ದ ದೂರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು. ದೂರದಲ್ಲಿ ಇಷ್ಟು ಸುಳ್ಳಾದವನು ನಿಂತದ್ದರಲ್ಲಿ ಯಾಕೆ ಸುಳ್ಳಾಗಿರಬಾರದು ಎಂದು ಅನಿಸಿ, ಹಾಗೆಯೇ ಶಿವಪ್ಪ ಕಾಕಾನ ಮನೆಗೆ ಹೋಗಿ ಕೇಳಿದೆ. ಅಂದು ಅವನು ಹಳ್ಳದ ಆಚೆ ದಂಡೆಯಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಈಗ ಕಿವಿ ಮಂದ, ಎರಡು ಸಲ ಕೇಳಬೇಕಾಯಿತು. ಕೇಳಿದ ಮೇಲೆ ಸಿಟ್ಟಿಗೆದ್ದ.

"ನಿಂತೀಯೋ, ಓಡೀಯೋ, ಅದೇನ ಕೇಳ್ತಿ? ಕುಂತೀಯೇನ? ಕುಂತಿಲ್ಲ. ನಿಮ್ಮ ಮುತ್ಯಾ ಹಾಕಿದ್ದು ಅದೊಂದ ಕಟ್ಟು."

ನಾಲ್ಕನೆಯ ಅಂಚನ್ನು ನಾವು ಬಹುತೇಕ ಓಡಿದೆವು. ಬುಟ್ಟಿ ಹಗುರಾಗಿತ್ತು, ಮತ್ತೆ ಎರೆಮಣ್ಣು ಸಿಕ್ಕಿತ್ತು, ನಮ್ಮ ದನಿ ಕೇಳಿ ಅಕ್ಕಪಕ್ಕದ ಹೊಲದವರೂ ಕೂಗತೊಡಗಿದ್ದರು. ಬನ್ನಿಗಿಡದ ಬುಡಕ್ಕೆ ಬಂದಾಗ ನನ್ನ ಹಿಂದೆ ಈರ್ಯಾ ಇಲ್ಲದಿರುವುದು ಎಲ್ಲರಿಗೂ ಕಂಡಿತು. ಅವನು ದೂರದಲ್ಲಿ ಕಾಕಾನ ಹೆಗಲು ಹಿಡಿದು ಕುಂಟುತ್ತ ಬರುತ್ತಿದ್ದ. ನಡುವಿನ ಚಿಗವ್ವ, ಹೆಣ್ಣು ಹುಡುಗಿ ಚರಗದ ನೀರು ಹಿಡಿದದ್ದು ಎಲ್ಲಿಯಾದರೂ ಉಂಟೇ ಎಂದು ಶುರು ಮಾಡಿದಳು. ಮುತ್ಯಾ ಕೈ ಎತ್ತಿ ಅವಳನ್ನು ನಿಲ್ಲಿಸಿ, ನೀಲಾಳನ್ನು ಕೇಳಿದ:

"ಎಲ್ಲಿಂದ ಹಿಡದಿ?"

"ಹಳ್ಳದ ದಂಡ್ಯಾಗಿಂದ, ಮುತ್ಯಾ."

"ಎಲ್ಲೆರ ಬಿಟ್ಟೀಯೇನ?"

ಆಕೆ ತಂಬಿಗೆಯನ್ನು ಬೋರಲು ಮಾಡಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಹಂಗಾರ ಸುತ್ತು ಪೂರಾ ಆತು," ಎಂದ ಮುತ್ಯಾ.

ಚರಗ ಚೆಲ್ಲಿ ಬಂದವರ ಕಾಲನ್ನು ಮನೆಯ ಹಿರಿಯ ತೊಳೆದ ಮೇಲೆಯೇ ಊಟಕ್ಕೆ ಎಲೆ ಹಾಕುವುದು. ಅಷ್ಟು ವರ್ಷ ತಾನೇ ಹಿರಿಯನೂ ಚೆಲ್ಲುವವನೂ ಆಗಿದ್ದರಿಂದ ಮುತ್ಯಾ ತನ್ನ ಕಾಲನ್ನು ತಾನೇ ತೊಳೆದುಕೊಳ್ಳುತ್ತಿದ್ದ. ಅಂದು ಆಯಿಯ ಹೆಗಲು ಹಿಡಿದು, ಮೊಣಕಾಲಿನ ನೋವಿಗೆ ನರಳುತ್ತ, ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕೊಡದಿಂದ ನೀರು ಹೊಯ್ದು ಎರಡೂ ಪಾದಗಳನ್ನು ಬೆರಳುಗಳ ಸಂದಿ ಬಿಡದೆ ತೊಳೆದ. ಹಿಮ್ಮಡಿಯಲ್ಲಿ ರಕ್ತ ಬಂದ ಕಡೆ ಹೆಬ್ಬೆರಳಿನಿಂದ ಒತ್ತಿದ. ನಾನು ಅವನ ನೆತ್ತಿಯನ್ನು ಅಷ್ಟು ಮೇಲಿನಿಂದ ಹಿಂದೆಂದೂ ನೋಡಿರಲಿಲ್ಲ.

ಆಮೇಲೆ ಕುಳಿತಲ್ಲಿಂದಲೇ ನೀಲಾಳ ಕಡೆ ತಿರುಗಿದ. ಅವಳು ಲಂಗ ಕೆಳಗೆ ಎಳೆದುಕೊಂಡು ಹಿಂದೆ ಸರಿದಳು. ಚಿಗವ್ವ ನೋಡುತ್ತಿದ್ದಳು, ಪಕ್ಕದ ಹೊಲದಿಂದ ಹೋಳಿಗೆ ತಂದ ಹೆಂಗಸರೂ ನೋಡುತ್ತಿದ್ದರು.

"ಇನ್ನೊಂದ ಕೊಡ ತರ್ರಿ," ಎಂದ ಮುತ್ಯಾ. "ಬಾರವಾ ನೀಲಾ. ಕಾಲ ಚಾಚು."

ಇಷ್ಟರಲ್ಲಿ ನನಗೂ ತಂಗಿಗೂ ಯಾವ ತಕರಾರೂ ಇಲ್ಲ. ಅವಳು ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಎರೆಮಣ್ಣು ಮೆತ್ತಿದ ಎರಡೂ ಕಾಲನ್ನು ಮುಂದೆ ಚಾಚಿದಳು. ನೀರು ಬಿದ್ದಂತೆ ಮಣ್ಣು ಇಳಿದು, ಅಗಲವಾದ, ಕಮಾನಿಲ್ಲದ ಪಾದಗಳು ಬಿಸಿಲಿನಲ್ಲಿ ಎಲ್ಲರಿಗೂ ಕಂಡವು. ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.